ಕಿವಿ ಮಷೀನು ಮತ್ತು ಸುತ್ತಲಿನ ಗದ್ದಲ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಜಿಟಲ್ ಶ್ರವಣ ಸಾಧನ ಹಾಕಿಕೊಂಡವರೂ ಅವರ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಉತ್ತರಗಳು ಮುಖ್ಯವಾಗಿ ವಯಸ್ಸಿನಿಂದಲೋ ವರ್ಷಗಟ್ಟಲೆ ಜೋರು ಸದ್ದಿನಲ್ಲಿ ದುಡಿದಿದ್ದರಿಂದಲೋ ಒಳಗಿವಿ ಸವೆದವರಿಗೆ ಅನ್ವಯಿಸುತ್ತವೆ. ಕಿವಿ ಸೋರುತ್ತಿದ್ದರೆ, ಇಲ್ಲವೇ ಒಂದು ಕಿವಿ ದಿಢೀರನೆ ಕೇಳಿಸದಂತಾದರೆ, ಮಷೀನಿನ ಯೋಚನೆ ಆಮೇಲೆ. ಮೊದಲು ಇಎನ್‌ಟಿ ವೈದ್ಯರ ಹತ್ತಿರ ಹೋಗಿ, ಅದೂ ತಡಮಾಡದೆ.

## ಮೊದಮೊದಲ ಪ್ರಶ್ನೆಗಳು

ಡಿಜಿಟಲ್ ಮಷೀನು ಹಾಕಿಕೊಂಡ್ರೆ ಗದ್ದಲ ಪೂರ್ತಿ ನಿಂತು ಮಾತು ಮಾತ್ರ ಕೇಳುತ್ತಾ?

ಇಲ್ಲ. ಫ್ಯಾನು, ಎಸಿ, ಬಸ್ಸಿನ ಎಂಜಿನ್ ಥರದ ಒಂದೇ ಸಮನೆ ಬರುವ ಸದ್ದನ್ನು ಮಷೀನು ಗಮನಕ್ಕೆ ಬರುವಷ್ಟು ತಗ್ಗಿಸುತ್ತದೆ. ಪಕ್ಕದ ಟೇಬಲ್ಲಿನವರ ಹರಟೆ, ಟಿವಿ, ಮದುವೆ ಮನೆಯ ಗುಜುಗುಜು ಇವುಗಳ ಮುಂದೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. 1996ರಲ್ಲಿ ವೈಡೆಕ್ಸ್ ಸೆನ್ಸೊ, ಓಟಿಕಾನ್ ಡಿಜಿಫೋಕಸ್ ಎಂಬ ಪೂರ್ತಿ ಡಿಜಿಟಲ್ ಮಷೀನುಗಳು ಬಂದಾಗಿನಿಂದ ಇಂದಿನವರೆಗೆ ತಂತ್ರಜ್ಞಾನ ಬಹಳ ಸುಧಾರಿಸಿದೆ, ಆದರೆ ಈ ಮೂಲ ವ್ಯತ್ಯಾಸ ಅಳಿಸಿಹೋಗಿಲ್ಲ. ಜಾಹೀರಾತಿನಲ್ಲಿ ‘ನಾಯ್ಸ್ ಕ್ಯಾನ್ಸಲೇಷನ್’ ಎಂದಿದ್ದರೆ ಅದನ್ನು ‘ಸದ್ದಿನ ಕಿರಿಕಿರಿ ಕಡಿಮೆ’ ಎಂದು ಓದಿಕೊಂಡರೆ ನಿರಾಸೆ ಆಗುವುದಿಲ್ಲ.

ನಮ್ಮಪ್ಪಂಗೆ ಸದ್ದು ಕೇಳುತ್ತೆ, ಮಾತು ಅರ್ಥ ಆಗಲ್ಲ. ವಾಲ್ಯೂಮ್ ಏರಿಸಿದ್ರೆ ಸಾಲದಾ?

ಸಾಲದು. ಕಾಲು, ಪಾಲು, ಸಾಲು, ಹಾಲು: ಈ ನಾಲ್ಕು ಪದಗಳಲ್ಲಿ ಗಟ್ಟಿಯಾಗಿ ಕೇಳುವ ಭಾಗವೆಲ್ಲ ಒಂದೇ. ಪದವನ್ನು ಬೇರೆ ಮಾಡುವುದು ಮೊದಲಿನ ವ್ಯಂಜನ. ಅದರ ಶಕ್ತಿ ಕಡಿಮೆ. ಸ, ಶ, ತ, ಟ, ಕ ಇಂಥವುಗಳ ಸುಳಿವು ಹೆಚ್ಚಾಗಿ ಕೀರಲು ಸದ್ದಿನ ಕಡೆ, 2000 ಹರ್ಟ್ಝ್‌ಗಿಂತ ಮೇಲಿರುತ್ತದೆ, ವಯಸ್ಸಾದಾಗ ಕಿವಿ ಮೊದಲು ಸೋಲುವುದೂ ಅಲ್ಲೇ. ಎಲ್ಲವನ್ನೂ ಒಟ್ಟಿಗೆ ಏರಿಸಿದರೆ ಸ್ವರಗಳೂ ಗದ್ದಲವೂ ಜೊತೆಗೇ ಏರುತ್ತವೆ.

ಇನ್ನೊಂದು ಕಾರಣ ಕಿವಿಯೊಳಗೇ ಇದೆ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ಸವೆದರೆ ಸದ್ದಿನ ಮಟ್ಟವಷ್ಟೇ ಕುಗ್ಗುವುದಿಲ್ಲ, ಹತ್ತಿರ ಹತ್ತಿರದ ಎರಡು ಸದ್ದುಗಳನ್ನು ಬಿಡಿಸಿ ಕೇಳುವ ಶಕ್ತಿಯೂ ಹೋಗುತ್ತದೆ. ಜನ ಮಾತಾಡುವ ಗದ್ದಲಕ್ಕಿಂತ ಎದುರಿನವರ ಮಾತು 2 ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ಮೇಲಿದ್ದರೆ, ಕಿವಿ ಚೆನ್ನಾಗಿರುವವರಿಗೆ ವಾಕ್ಯದ ಅರ್ಧದಷ್ಟು ಪದಗಳು ಸಿಗುತ್ತವೆ. ಒಳಗಿವಿ ಸವೆದವರಿಗೆ ಅಷ್ಟೇ ಪದಗಳು ಸಿಗಬೇಕಾದರೆ ಅದರ ಮೇಲೆ ಇನ್ನೂ 5–10 ಡೆಸಿಬಲ್ ಬೇಕಾಗಬಹುದು. ಮಷೀನು, ಡೋಮ್ (ಕಿವಿಯೊಳಗೆ ಕೂರುವ ಅದರ ರಬ್ಬರ್ ತುದಿ), ಕೂರುವ ಜಾಗ ಎಲ್ಲವೂ ಈ ಅಂತರವನ್ನು ತುಂಬುವ ಪ್ರಯತ್ನಗಳು.

ಹಾಕಿದ ಮೊದಲ ವಾರ ಪೇಪರ್ ಮಡಚೋದು, ನಲ್ಲಿ ನೀರು, ಚಪ್ಪಲಿ ಸದ್ದು ಎಲ್ಲಾ ಅತಿಯಾಗಿ ಕೇಳ್ತಿದೆ. ಸೆಟ್ಟಿಂಗ್ ತಪ್ಪಾ?

ಬಹುಮಟ್ಟಿಗೆ ಅಲ್ಲ. ಎಷ್ಟೋ ವರ್ಷ ಈ ಸದ್ದುಗಳು ಮಿದುಳಿಗೆ ತಲುಪಿಯೇ ಇರಲಿಲ್ಲ, ಯಾವುದನ್ನು ಕಡೆಗಣಿಸಬೇಕು ಎಂಬುದು ಅದಕ್ಕೆ ಮರೆತಿದೆ. ದಿನಕ್ಕೆ 8 ಗಂಟೆಯಾದರೂ ಹಾಕಿಕೊಂಡರೆ ಕೆಲವು ವಾರಗಳಲ್ಲಿ ತಾನಾಗಿ ಹಿಂದೆ ಸರಿಯುತ್ತವೆ. ಹೊರಗೆ ಹೋಗುವಾಗ ಮಾತ್ರ ಹಾಕಿಕೊಳ್ಳುವವರಿಗೆ ಈ ಹೊಂದಾಣಿಕೆ ಆಗುವುದು ಕಷ್ಟ, ಯಾಕೆಂದರೆ ಅವರು ಅತಿ ಕಷ್ಟದ ಜಾಗದಲ್ಲೇ ಅಭ್ಯಾಸ ಶುರುಮಾಡಿರುತ್ತಾರೆ. ಆದರೆ ಸದ್ದು ‘ಜಾಸ್ತಿ’ ಅನ್ನಿಸುವುದು ಬೇರೆ, ಕಿವಿ ನೋಯುವುದು ಬೇರೆ. ನೋವಾದರೆ ಕಾಯಬೇಡಿ, ಗರಿಷ್ಠ ಮಟ್ಟವನ್ನು ಇಳಿಸಿಕೊಳ್ಳಬೇಕು.

ಆನ್‌ಲೈನ್‌ನಲ್ಲಿ ಒಂದೆರಡು ಸಾವಿರಕ್ಕೆ ಸಿಗುತ್ತಲ್ಲ, ಅದರಲ್ಲೂ ‘ನಾಯ್ಸ್ ರಿಡಕ್ಷನ್’ ಅಂತ ಬರೆದಿರ್ತಾರೆ?

ಅವುಗಳಲ್ಲಿ ಬಹುಪಾಲು ಸದ್ದು ಹಿಗ್ಗಿಸುವ ಸಾಧನಗಳು. ನಿಮ್ಮ ಆಡಿಯೋಗ್ರಾಮ್‌ಗೆ (ಕಿವಿ ಪರೀಕ್ಷೆಯ ನಕ್ಷೆಗೆ) ತಕ್ಕಂತೆ ಬೇರೆ ಬೇರೆ ಆವರ್ತನಕ್ಕೆ, ಅಂದರೆ ದಪ್ಪ ಸದ್ದಿಗೊಂದು ಕೀರಲು ಸದ್ದಿಗೊಂದು ಎಂದು, ಬೇರೆ ಬೇರೆ ಮಟ್ಟ ಕೂಡಿಸಲು ಅವುಗಳಲ್ಲಿ ಬರುವುದಿಲ್ಲ. ಹಲವು ಮಾದರಿಗಳಲ್ಲಿ ‘ನಾಯ್ಸ್ ರಿಡಕ್ಷನ್’ ಎಂದರೆ ತಗ್ಗು ಆವರ್ತನವನ್ನು ಕತ್ತರಿಸುವ ಒಂದು ಗುಂಡಿ, ಅಷ್ಟೇ.

## ಮಷೀನಿನ ಒಳಗೆ ಏನು ನಡೆಯುತ್ತೆ

ಯಾವುದು ಮಾತು, ಯಾವುದು ಸದ್ದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?

ಮಾತು ಏರಿಳಿಯುತ್ತದೆ. ನಾವು ಸೆಕೆಂಡಿಗೆ ಸುಮಾರು 4–5 ಅಕ್ಷರ ಆಡುತ್ತೇವೆ, ಪ್ರತಿ ಅಕ್ಷರಕ್ಕೂ ಸದ್ದಿನ ಮಟ್ಟ ಮೇಲೆದ್ದು ಬೀಳುತ್ತದೆ. ಸೀಲಿಂಗ್ ಫ್ಯಾನಿನ ಸದ್ದು ಹಾಗಲ್ಲ, ನೆಟ್ಟಗೆ ಒಂದೇ ಮಟ್ಟದಲ್ಲಿರುತ್ತದೆ. ಬಂದ ಸದ್ದನ್ನು ಮಷೀನು ಆವರ್ತನದ ಪಟ್ಟಿಗಳಾಗಿ ಸೀಳುತ್ತದೆ. ಇವಕ್ಕೇ ಚಾನೆಲ್ ಎನ್ನುವುದು. ಪ್ರತಿ ಚಾನೆಲ್ಲಿನಲ್ಲೂ ಏರಿಳಿತ ಎಷ್ಟಿದೆ ಎಂದು ಅಳೆಯುತ್ತದೆ. ಏರಿಳಿತ ಇಲ್ಲದ ಚಾನೆಲ್ಲನ್ನು ಸೆಟ್ಟಿಂಗ್‌ಗೆ ತಕ್ಕಂತೆ ಸುಮಾರು 5–10 ಡೆಸಿಬಲ್ ಇಳಿಸುತ್ತದೆ. ಈ ತೀರ್ಮಾನಕ್ಕೆ ಬರಲು ಕೆಲವು ಸೆಕೆಂಡು ಹಿಡಿಯಬಹುದು. ಮಿಕ್ಸಿ ಹಾಕಿದ ಕ್ಷಣ ಜೋರಾಗಿ ಕೇಳಿ ಆಮೇಲೆ ತಗ್ಗಿದಂತೆ ಅನ್ನಿಸುವುದು ಇದಕ್ಕೇ.

ಸೋಲುವುದು ಎಲ್ಲಿ ಎಂದರೆ, ಬೇಡವಾದ ಸದ್ದೂ ಮಾತೇ ಆದಾಗ. ಮೊರದಲ್ಲಿ ಕೇರಿದರೆ ಹೊಟ್ಟು ಹಾರುತ್ತದೆ, ಅಕ್ಕಿಯಷ್ಟೇ ತೂಕದ ಕಲ್ಲು ಹಾರುವುದಿಲ್ಲ. ಪಕ್ಕದವರ ಹರಟೆ ಅಂಥ ಕಲ್ಲು. ಇನ್ನೂ ಒಂದು ಮಿತಿಯಿದೆ: ಫ್ಯಾನೂ ಮಾತೂ ಒಂದೇ ಚಾನೆಲ್ಲಿನಲ್ಲಿದ್ದರೆ ಇಳಿಸುವಾಗ ಎರಡೂ ಒಟ್ಟಿಗೆ ಇಳಿಯುತ್ತವೆ, ಅಂತರ ಇದ್ದಷ್ಟೇ ಇರುತ್ತದೆ. ಹಾಗಾಗಿ ಈ ಒಂದು ಸೌಲಭ್ಯದಿಂದಲೇ ಹೆಚ್ಚು ಪದಗಳು ಅರ್ಥವಾಗುತ್ತವೆ ಎಂದು ಹೇಳಲಾಗದು. ದಣಿವು, ತಲೆಬಿಸಿ ಕಡಿಮೆಯಾಗುತ್ತದೆ. ಸಂಜೆಯವರೆಗೆ ಮಷೀನು ತೆಗೆಯದೆ ಇರಲು ಸಾಧ್ಯವಾದರೆ ಅದೇನು ಸಣ್ಣ ಲಾಭವಲ್ಲ.

ಎರಡು ಮೈಕ್ ಇದೆ ಅಂತಾರೆ. ಅದರಿಂದ ನಿಜವಾಗ್ಲೂ ಉಪಯೋಗ ಇದೆಯಾ?

ಇದೆ. ಮಷೀನಿನೊಳಗೇ ಇರುವ ಸೌಲಭ್ಯಗಳ ಪೈಕಿ ಮಾತಿನ ಅರ್ಥಕ್ಕೆ ನೆಚ್ಚಬಹುದಾದ್ದು ಇದೇ. ಕಿವಿಯ ಹಿಂದೆ ಕೂರುವ ಮಷೀನಿನಲ್ಲಿ ಎರಡು ಮೈಕ್‌ಗಳು ಹಿಂದೆ ಮುಂದೆ ಸುಮಾರು 1 ಸೆಂಟಿಮೀಟರ್ ಅಂತರದಲ್ಲಿರುತ್ತವೆ. ಹಿಂದಿನಿಂದ ಬರುವ ಸದ್ದು ಹಿಂದಿನ ಮೈಕಿಗೆ ಮೊದಲು ತಲುಪಿ, ಸೆಕೆಂಡಿನ ಲಕ್ಷದಲ್ಲಿ ಮೂರು ಭಾಗದಷ್ಟು ತಡವಾಗಿ ಮುಂದಿನದಕ್ಕೆ ಸಿಗುತ್ತದೆ. ಆ ವ್ಯತ್ಯಾಸ ಹಿಡಿದು ಮಷೀನು ಹಿಂದಿನ ಸದ್ದನ್ನು ಕಳೆಯುತ್ತದೆ. ನಿತ್ಯದ ಜಾಗಗಳಲ್ಲಿ ಇದರಿಂದ 2–5 ಡೆಸಿಬಲ್ ಲಾಭ ಸಿಗಬಹುದು. ಕೇಳಲು ಸಣ್ಣ ಸಂಖ್ಯೆ, ಆದರೆ ಗದ್ದಲದ ಅಂಚಿನಲ್ಲಿ ಅಷ್ಟರಲ್ಲೇ ವಾಕ್ಯ ಸಿಗುವುದೋ ತಪ್ಪುವುದೋ ತೀರ್ಮಾನವಾಗುತ್ತದೆ.

ಷರತ್ತು ಮೂರು. ಮಾತಾಡುವವರು ಎದುರಿಗಿರಬೇಕು, ಗದ್ದಲ ಬೆನ್ನ ಹಿಂದಿರಬೇಕು, ಇಬ್ಬರ ನಡುವಿನ ದೂರ ಒಂದೂವರೆ ಎರಡು ಮೀಟರ್ ದಾಟಬಾರದು. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುವ ಅಭ್ಯಾಸ ಹಲವರಿಗಿದೆ. ಆಗ ಇಡೀ ಹೋಟೆಲ್ಲೇ ಮುಂದೆ ಬಂದುಬಿಡುತ್ತದೆ, ಮೈಕ್‌ಗಳು ಅದನ್ನೂ ಶ್ರದ್ಧೆಯಿಂದ ಹಿಡಿದುಕೊಡುತ್ತವೆ. ಗದ್ದಲಕ್ಕೆ ಬೆನ್ನು ಹಾಕಿ, ಜೊತೆಯವರನ್ನು ಗೋಡೆಯ ಕಡೆ ಕೂರಿಸಿ. ಕಿವಿ ಕಾಲುವೆಯೊಳಗೇ ಅಡಗುವ ಅತಿ ಚಿಕ್ಕ ಮಾದರಿಗಳಲ್ಲಿ ಎರಡು ಮೈಕ್‌ಗೆ ಜಾಗವೇ ಇರುವುದಿಲ್ಲ. ‘ಕಾಣಿಸಬಾರದು’ ಎಂದು ಆರಿಸುವವರು ತೆರುವ ಬೆಲೆ ಇದು.

ಕುಕ್ಕರ್ ಸೀಟಿ, ಸ್ಟೀಲ್ ಪಾತ್ರೆ ಬಿದ್ದ ಸದ್ದು ಸೂಜಿ ಚುಚ್ಚಿದ ಹಾಗಾಗುತ್ತೆ.

ಎರಡೂ ಬೇರೆ ಬೇರೆ ಸಮಸ್ಯೆ. ಪಾತ್ರೆ ಬೀಳುವುದು ಥಟ್ಟನೆ ಬಂದು ಹೋಗುವ ಸದ್ದು. ಇದಕ್ಕೆ ಮಿಲಿಸೆಕೆಂಡುಗಳಲ್ಲಿ ಎಚ್ಚೆತ್ತುಕೊಳ್ಳುವ ಬೇರೆಯದೇ ಸೌಲಭ್ಯ ಬೇಕು. ಹಲವು ಮಷೀನುಗಳಲ್ಲಿ ಇರುತ್ತದೆ, ಆದರೆ ಕಡಿಮೆ ಮಟ್ಟದಲ್ಲೋ ಆಫ್ ಆಗಿಯೋ ಇರಬಹುದು, ಕೇಳಿ ಹಾಕಿಸಿಕೊಳ್ಳಿ. ಸೀಟಿ ಎತ್ತರದ ಆವರ್ತನದ, ಕೆಲವು ಸೆಕೆಂಡು ನಿಲ್ಲುವ ಸದ್ದು. ಇದಕ್ಕೆ ಆ ಆವರ್ತನಗಳಲ್ಲಿ ಮಷೀನು ಕೊಡುವ ಗರಿಷ್ಠ ಮಟ್ಟವನ್ನು ಇಳಿಸಬೇಕು. ಒಳಗಿವಿ ಸವೆದವರಿಗೆ ಮೆಲ್ಲನೆಯ ಸದ್ದು ಕೇಳಿಸದಿದ್ದರೂ ಜೋರು ಸದ್ದು ಎಲ್ಲರಷ್ಟೇ ಜೋರಾಗಿ ಹೊಡೆಯುತ್ತದೆ. ಹಾಗಾಗಿ ‘ಇದಕ್ಕಿಂತ ಜೋರು ಬೇಡ’ ಎನ್ನುವ ಮಟ್ಟವನ್ನು ಪ್ರತಿ ಕಿವಿಗೂ ಬೇರೆಯಾಗಿ ನೋಡಬೇಕಾಗುತ್ತದೆ.

ಸ್ಕೂಟರ್‌ನಲ್ಲಿ ಹೋಗುವಾಗ ಗಾಳಿ ‘ಬರ್’ ಅನ್ನುತ್ತೆ, ಹೆಲ್ಮೆಟ್ ಹಾಕಿದ್ರೆ ‘ಕುಂಯ್’ ಅನ್ನುತ್ತೆ.

‘ಬರ್’ ಎನ್ನುವುದು ಮೈಕಿನ ರಂಧ್ರದ ಮೇಲೆ ಗಾಳಿ ಸುಳಿಯುವುದರಿಂದ ಬರುವ ತಗ್ಗು ಆವರ್ತನದ ಸದ್ದು. ಗಾಳಿ ಎರಡು ಮೈಕ್‌ಗಳಲ್ಲೂ ಒಂದಕ್ಕೊಂದು ಹೊಂದದ ಸದ್ದು ಹುಟ್ಟಿಸುತ್ತದೆ. ಮಷೀನು ಅದರಿಂದಲೇ ‘ಇದು ಗಾಳಿ’ ಎಂದು ಗುರುತಿಸಿ ತಗ್ಗು ಆವರ್ತನವನ್ನು ಇಳಿಸುತ್ತದೆ. ‘ಕುಂಯ್’ ಬೇರೆ: ಕಿವಿಯಿಂದ ಸೋರಿದ ಮಷೀನಿನ ಸದ್ದೇ ಹೆಲ್ಮೆಟ್‌ಗೆ ಬಡಿದು ಮತ್ತೆ ಮೈಕಿಗೆ ಹೋಗಿ ಸುತ್ತುತ್ತದೆ. ಡೋಮ್ ಸಡಿಲವಿದ್ದರೆ ಇದು ಹೆಚ್ಚು. ಮೈಕನ್ನು ಮುಂದಕ್ಕೆ ಮಾತ್ರ ನೆಟ್ಟ ಪ್ರೋಗ್ರಾಮ್ ಇಟ್ಟುಕೊಂಡು ಗಾಡಿ ಓಡಿಸಬೇಡಿ, ಹಿಂದಿನ ಹಾರ್ನ್ ತಗ್ಗಿ ಕೇಳುತ್ತದೆ.

8 ಚಾನೆಲ್‌ಗಿಂತ 48 ಚಾನೆಲ್ ಆರು ಪಟ್ಟು ಒಳ್ಳೇದಾ?

ಅಲ್ಲ. ಚಾನೆಲ್ ತೀರಾ ಕಡಿಮೆಯಿದ್ದರೆ ಫ್ಯಾನನ್ನು ಇಳಿಸುವಾಗ ಮಾತಿನ ಅಗಲವಾದ ಭಾಗವೂ ಇಳಿಯುತ್ತದೆ, ಅಷ್ಟು ಮಟ್ಟಿಗೆ ಹೆಚ್ಚು ಚಾನೆಲ್ ಒಳ್ಳೆಯದು. ಒಂದು ಹಂತ ದಾಟಿದ ಮೇಲೆ ವ್ಯತ್ಯಾಸ ಕಿವಿಗಿಂತ ಬಿಲ್ಲಿನಲ್ಲೇ ಚೆನ್ನಾಗಿ ಕಾಣುತ್ತದೆ.

ಈಗ ಎಐ ಮಷೀನು ಬಂದಿದೆಯಂತೆ. ಅದು ಹರಟೆಯನ್ನೂ ತೆಗೆಯುತ್ತಾ?

ಹಳೆಯ ವಿಧಾನ ಏರಿಳಿತ ಅಳೆಯುತ್ತಿತ್ತು. ಹೊಸದು ಲಕ್ಷಗಟ್ಟಲೆ ಸದ್ದಿನ ಮಾದರಿಗಳನ್ನು ಕೇಳಿಸಿ ತರಬೇತಾದ ನರಜಾಲ, ಅಂದರೆ ಮಾದರಿಗಳಿಂದಲೇ ಕಲಿತ ಪ್ರೋಗ್ರಾಮ್. ಓಟಿಕಾನ್ ಮೋರ್ 2021ರಲ್ಲಿ ಇಂಥ ನರಜಾಲದೊಂದಿಗೆ ಬಂತು. 2024ರಲ್ಲಿ ಫೋನಾಕ್ ಆಡಿಯೊ ಸ್ಫಿಯರ್ ಇನ್ಫಿನಿಯೊ ಈ ಕೆಲಸಕ್ಕೆಂದೇ ಪ್ರತ್ಯೇಕ ಚಿಪ್ ಹೊತ್ತು ಬಂತು. ಪಾತ್ರೆ, ಟ್ರಾಫಿಕ್, ಮಳೆ, ಹಲವರ ಗುಜುಗುಜು ಇವುಗಳ ನಡುವಿನಿಂದ ಒಂದು ಮಾತನ್ನು ಎತ್ತಿ ತೋರಿಸುವುದರಲ್ಲಿ ಇವು ಹಳೆಯವುಗಳಿಗಿಂತ ಮುಂದಿವೆ. ಆದರೂ ಸ್ಪಷ್ಟವಾಗಿ ಮಾತಾಡುವ ಇಬ್ಬರಲ್ಲಿ ನಿಮಗೆ ಬೇಕಾದವರು ಯಾರು ಎಂಬುದು ಚಿಪ್‌ಗೆ ತಿಳಿಯದು. ಬಹುತೇಕ ‘ಎದುರಿಗಿರುವವರು’ ಎಂದು ಊಹಿಸುತ್ತದೆ. ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ. ಬೆಲೆ ದೊಡ್ಡದು, ಆದ್ದರಿಂದ ನೀವು ನಿಜಕ್ಕೂ ಒದ್ದಾಡುವ ಜಾಗಕ್ಕೇ ಒಯ್ದು ನೋಡದೆ ಕೊಳ್ಳಬೇಡಿ. ಕ್ಲಿನಿಕ್‌ನ ನಿಶ್ಶಬ್ದ ಕೋಣೆಯಲ್ಲಿ ಎಲ್ಲ ಮಷೀನೂ ಚೆನ್ನಾಗಿಯೇ ಕೇಳುತ್ತದೆ.

## ಡೋಮ್, ಸೆಟ್ಟಿಂಗ್, ರಿಪೇರಿ

ದುಬಾರಿ ಮಷೀನು ತಗೊಂಡ್ವಿ, ಬಸ್ಸಿನಲ್ಲಿ ಎಂಜಿನ್ ಸದ್ದು ಸ್ವಲ್ಪಾನೂ ಕಡಿಮೆ ಆಗಿಲ್ಲ. ಯಾಕೆ?

ಕಿವಿಯೊಳಗೆ ಕೂರುವ ರಬ್ಬರ್ ತುದಿಯನ್ನು ನೋಡಿ. ಅದರಲ್ಲಿ ತೂತುಗಳಿದ್ದರೆ ಅದು ಓಪನ್ ಡೋಮ್. ಅದರ ಮೂಲಕ ಎಂಜಿನ್ನಿನ ತಗ್ಗು ಆವರ್ತನದ ಸದ್ದು ಮಷೀನಿನ ಹಂಗಿಲ್ಲದೆ ನೇರ ಕರ್ಣಪಟಲಕ್ಕೆ ಹೋಗುತ್ತದೆ. ಮಷೀನು ತನ್ನೊಳಗೆ ಎಷ್ಟೇ ಇಳಿಸಿಕೊಂಡರೂ, ಪಕ್ಕದ ದಾರಿಯಲ್ಲಿ ಒಳಗೆ ಬಂದದ್ದನ್ನು ಅಳಿಸಲಾರದು. ಎರಡು ಮೈಕಿನ ಲಾಭವೂ ಸುಮಾರು 1000 ಹರ್ಟ್ಝ್‌ಗಿಂತ ಕೆಳಗೆ ಕರಗಿಹೋಗುತ್ತದೆ.

ಕ್ಲೋಸ್ಡ್ ಡೋಮ್ ಹಾಕಿಸಿದರೆ, ಇನ್ನೂ ಒಳ್ಳೆಯದಾಗಿ ಕಿವಿಯ ಅಚ್ಚು ತೆಗೆದು ಮೋಲ್ಡ್ ಮಾಡಿಸಿದರೆ, ಸೋರಿಕೆ ಕಡಿಮೆಯಾಗುತ್ತದೆ. ಇದಕ್ಕೆ ಪ್ರತಿಯಾಗಿ ಬೇರೊಂದು ತೊಂದರೆ ಬರುತ್ತದೆ: ಸ್ವಂತ ದನಿ ಕೊಡದೊಳಗಿಂದ ಮಾತಾಡಿದಂತೆ ಕೇಳುವುದು, ಊಟ ಅಗಿಯುವ ಸದ್ದು ತಲೆಯಲ್ಲಿ ಮೊಳಗುವುದು. ತಗ್ಗು ಆವರ್ತನದ ಕೇಳುವಿಕೆ ಇನ್ನೂ ಚೆನ್ನಾಗಿರುವವರಿಗೆ ಇದು ಸಹಿಸಲಾಗದಷ್ಟಾಗಬಹುದು. ಮೋಲ್ಡಿನಲ್ಲಿ 1–2 ಮಿಲಿಮೀಟರ್ ಗಾಳಿರಂಧ್ರ ಬಿಡಿಸುವುದು ನಡುವಿನ ದಾರಿ. ಡೋಮ್ ಬದಲಿಸಿದ ಮೇಲೆ ಮಷೀನನ್ನು ಮತ್ತೆ ಪ್ರೋಗ್ರಾಮ್ ಮಾಡಲೇಬೇಕು. ಹಾಗೇ ಬಿಟ್ಟರೆ ತಗ್ಗು ಸದ್ದು ಅತಿಯಾಗುತ್ತದೆ.

ಮೊದಮೊದಲು ಹೋಟೆಲ್‌ನಲ್ಲೂ ಚೆನ್ನಾಗಿ ಕೇಳ್ತಿತ್ತು. ಈಗ ಗದ್ದಲದಲ್ಲಿ ಏನೂ ಗೊತ್ತಾಗಲ್ಲ, ಮನೇಲಿ ಮಾತ್ರ ಪರವಾಗಿಲ್ಲ.

ಹೊಸ ಮಷೀನಿಗೆ ದುಡ್ಡು ಹೊಂದಿಸುವ ಮೊದಲು ಮೈಕಿನ ರಂಧ್ರಗಳನ್ನು ನೋಡಿ. ಎರಡು ಮೈಕ್‌ಗಳೂ ಒಂದೇ ಸಮ ಚುರುಕಾಗಿದ್ದರಷ್ಟೇ ಹಿಂದಿನ ಸದ್ದನ್ನು ಕಳೆಯುವ ಲೆಕ್ಕ ಸರಿಹೊಂದುತ್ತದೆ. ಒಂದರಲ್ಲಿ ಕೊಬ್ಬರಿ ಎಣ್ಣೆ, ಪೌಡರ್, ವಿಭೂತಿ, ತಲೆಗೆ ಹಚ್ಚುವ ಬಣ್ಣ ಅಂಟಿದರೆ ಲೆಕ್ಕ ಕೆಡುತ್ತದೆ. ನಿಶ್ಶಬ್ದದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಗದ್ದಲದಲ್ಲಿ ಬಯಲಾಗುತ್ತದೆ.

ಮೈಕಿನ ಬದಿ ಕೆಳಮುಖವಾಗಿರುವಂತೆ ಹಿಡಿದು, ಒಣಗಿದ ಮೆತ್ತನೆ ಬ್ರಷ್‌ನಿಂದ ರಂಧ್ರದ ಮೇಲೆ ಮೆಲ್ಲಗೆ ಗುಡಿಸಿ. ದೂಳು ಕೆಳಗೆ ಉದುರಬೇಕು, ಒಳಗೆ ಹೋಗಬಾರದು. ಪಿನ್ನು, ನೀರು, ಸ್ಪಿರಿಟ್ ಬೇಡ, ಊದುವುದೂ ಬೇಡ: ಉಸಿರಿನ ತೇವ ಒಳಗೆ ಸೇರುತ್ತದೆ. ಸ್ಪೀಕರ್ ತುದಿಯ ಗುಗ್ಗೆ ಜಾಲರಿಯನ್ನು ತೊಳೆಯಬಾರದು, ಬದಲಿಸಬೇಕು. ರಾತ್ರಿ ಸೆಲ್ ತೆಗೆದು, ಬಾಗಿಲು ತೆರೆದು, ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಇದನ್ನು ತಪ್ಪಿಸಲೇಬಾರದು. ಇಷ್ಟಾದರೂ ಸರಿಹೋಗದಿದ್ದರೆ ಕ್ಲಿನಿಕ್‌ನ ಟೆಸ್ಟ್ ಬಾಕ್ಸ್‌ನಲ್ಲಿ ಎರಡೂ ಮೈಕ್‌ಗಳನ್ನು ಅಳೆಸಿ. ಮೈಕಿನ ಫಿಲ್ಟರ್ ಬದಲಿಸಿದರೆ ಸಾಕಾಗುವ ಸಂದರ್ಭಗಳಿವೆ. ಜೊತೆಗೆ ಕಿವಿಯ ಪರೀಕ್ಷೆಯನ್ನೂ ಮಾಡಿಸಿ, ಯಾಕೆಂದರೆ ಬದಲಾದದ್ದು ಕಿವಿಯೂ ಇರಬಹುದು.

ಗದ್ದಲ ಜಾಸ್ತಿ ಅಂತ ಹೇಳಿದಾಗಲೆಲ್ಲ ಸೆಟ್ಟಿಂಗ್ ಮಾಡಿಕೊಡ್ತಾರೆ, ಆದ್ರೆ ಮಾತೂ ಮಂಕಾಗುತ್ತೆ. ಏನು ಕೇಳಬೇಕು?

ಅವಸರದಲ್ಲಿ ಮಾಡುವ ಸುಲಭದ ಕೆಲಸವೆಂದರೆ ಎತ್ತರದ ಆವರ್ತನವನ್ನು ಒಟ್ಟಾರೆ ಇಳಿಸಿಬಿಡುವುದು. ಕಿರಿಕಿರಿ ಹೋಗುತ್ತದೆ, ಜೊತೆಗೆ ಸ, ಶ, ಟ ಕೂಡ ಹೋಗುತ್ತವೆ. ‘ಗದ್ದಲ’ ಎಂದಷ್ಟೇ ಹೇಳದೆ, ಯಾವ ಸದ್ದು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಒಂದು ವಾರ ಬರೆದಿಟ್ಟುಕೊಂಡು ಹೋಗಿ. ಪರಿಹಾರ ಒಂದೊಂದಕ್ಕೂ ಬೇರೆ. ನಿಶ್ಶಬ್ದ ಕೋಣೆಯಲ್ಲಿ ‘ಸ್ಸ್’ ಎಂಬ ಸದ್ದು, ದೂರದ ಫ್ರಿಜ್ಜಿನ ಗುಂಯ್ ಕಾಡಿದರೆ, ತೀರಾ ಮೆಲ್ಲನೆಯ ಸದ್ದನ್ನು ಇಳಿಸುವ ಎಕ್ಸ್‌ಪ್ಯಾನ್ಷನ್ ಎಂಬ ಸೆಟ್ಟಿಂಗ್ ಇದೆ. ಫ್ಯಾನು, ಎಸಿಗೆ ನಾಯ್ಸ್ ರಿಡಕ್ಷನ್ ಮಟ್ಟ ಏರಿಸಬೇಕು. ಜೋರು ಸದ್ದು ಹೊಡೆದರೆ ಗರಿಷ್ಠ ಮಟ್ಟ ಇಳಿಸಬೇಕು. ಹೋಟೆಲಿಗೆ ಮುಂದಿನ ದಿಕ್ಕಿಗೆ ಮೈಕ್ ನೆಟ್ಟ ಪ್ರತ್ಯೇಕ ಪ್ರೋಗ್ರಾಮ್ ಹಾಕಿಸಬೇಕು.

‘ರಿಯಲ್ ಇಯರ್ ಮಾಡಿದ್ದೀರಾ?’ ಎಂದು ಕೇಳಿ. ಕಿವಿಯೊಳಗೆ ಕೂದಲೆಳೆಯಂಥ ಟ್ಯೂಬ್ ಇಟ್ಟು, ಮಾತಿನ ಸದ್ದು ಕರ್ಣಪಟಲದ ಬಳಿ ನಿಜಕ್ಕೂ ಎಷ್ಟು ತಲುಪುತ್ತಿದೆ ಎಂದು ಅಳೆಯುವ ಪರೀಕ್ಷೆ ಇದು. ಕಂಪ್ಯೂಟರ್ ಪರದೆಯ ಮೇಲಿನ ಗೆರೆಯೂ ನಿಮ್ಮ ಕಿವಿಯೊಳಗಿನ ಮಟ್ಟವೂ ಒಂದೇ ಆಗಿರಬೇಕೆಂದಿಲ್ಲ. ಬಹುತೇಕ ಮಷೀನುಗಳು ನೀವು ಎಷ್ಟು ಗಂಟೆ ಹಾಕಿದ್ದಿರಿ, ಎಂಥ ಸದ್ದಿನಲ್ಲಿದ್ದಿರಿ ಎಂಬುದನ್ನೂ ದಾಖಲಿಸಿಟ್ಟಿರುತ್ತವೆ. ಅದನ್ನು ತೆಗೆದು ನೋಡಲು ಹೇಳಿ.

ಒಂದು ಕಿವಿಗೆ ಹಾಕಿದ್ರೆ ಸಾಕಾ? ಖರ್ಚು ಅರ್ಧ ಆಗುತ್ತಲ್ಲ.

ಎರಡೂ ಕಿವಿ ಕುಗ್ಗಿದ್ದರೆ, ಗದ್ದಲಕ್ಕೆ ಎರಡೂ ಬೇಕು. ಎರಡು ಕಿವಿಗೆ ಸದ್ದು ತಲುಪುವ ಸಮಯ, ಮಟ್ಟದ ವ್ಯತ್ಯಾಸದಿಂದಲೇ ಮಿದುಳು ಮಾತನ್ನು ಗದ್ದಲದಿಂದ ಬಿಡಿಸಿಕೊಳ್ಳುತ್ತದೆ. ದುಡ್ಡು ಸೀಮಿತವಾಗಿದ್ದರೆ, ಒಂದು ಅತಿ ದುಬಾರಿ ಮಷೀನಿಗಿಂತ ಎರಡು ಮೈಕ್ ಇರುವ ಸಾಧಾರಣ ದರ್ಜೆಯ ಜೋಡಿ ಒಳ್ಳೆಯದು.

## ಕಷ್ಟದ ಜಾಗಗಳು

ಮದುವೆ ಛತ್ರದಲ್ಲಿ ಯಾವ ಸೆಟ್ಟಿಂಗೂ ಕೆಲಸ ಮಾಡಲ್ಲ. ಏನು ಮಾಡೋದು?

ಛತ್ರದಲ್ಲಿ ವಾಲಗ, ಮೈಕ್ ಸೆಟ್, ನೂರಾರು ಜನರ ಮಾತಿನ ಜೊತೆಗೆ ಗ್ರಾನೈಟ್ ನೆಲ, ಬೋಳು ಗೋಡೆ, ಎತ್ತರದ ಚಾವಣಿಯಿಂದ ಮರುದನಿಯೂ ಇರುತ್ತದೆ. ಮರುದನಿ ಎಲ್ಲ ದಿಕ್ಕಿನಿಂದ ಬರುವುದರಿಂದ ಎರಡು ಮೈಕಿನ ಉಪಾಯವೂ ಕುಂಟುತ್ತದೆ. ಉಳಿಯುವ ಆಯುಧ ದೂರ ಕಡಿಮೆ ಮಾಡುವುದು. ಬಯಲಿನಲ್ಲಿ ದೂರ ಅರ್ಧವಾದಾಗ ಮಾತು 6 ಡೆಸಿಬಲ್ ಏರುತ್ತದೆ. ಕೋಣೆಯೊಳಗೂ ತೀರ ಹತ್ತಿರ ಬಂದಾಗ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. 2 ಮೀಟರಿನಿಂದ ಅರ್ಧ ಮೀಟರಿಗೆ ಸರಿದರೆ 12 ಡೆಸಿಬಲ್. ಮಷೀನಿನೊಳಗಿನ ಎರಡು ಮೈಕ್‌ ಕೊಡುವುದಕ್ಕಿಂತ ಎಷ್ಟೋ ಹೆಚ್ಚು, ಅದೂ ಪುಕ್ಕಟೆ. ಸ್ಪೀಕರ್ ಬಾಕ್ಸ್‌ನಿಂದ ದೂರ, ಕಂಬದ ಮರೆಯಲ್ಲಿ ಅಥವಾ ಪರದೆ ಇರುವ ಮೂಲೆಯಲ್ಲಿ, ಬೆಳಕು ಮಾತಾಡುವವರ ಮುಖದ ಮೇಲೆ ಬೀಳುವಂತೆ ಕೂರಿ. ತುಟಿ ಕಾಣುವುದೂ ಲೆಕ್ಕಕ್ಕೆ ಬರುತ್ತದೆ.

ಮನೆಯವರು ಕಿವಿಯ ಹತ್ತಿರ ಕಿರುಚಬಾರದು. ಕಿರುಚಿದಾಗ ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಅಲ್ಲೇ ಉಳಿಯುತ್ತವೆ. ತುಸು ನಿಧಾನವಾಗಿ, ಮುಖ ನೋಡಿ ಹೇಳಿದರೆ ಸಾಕು.

ರಿಮೋಟ್ ಮೈಕ್ ಅಂತ ಬೇರೆ ಮಾರ್ತಾರೆ. ಅದು ಬೇಕಾ?

ಕ್ಲಾಸು, ಮೀಟಿಂಗು, ಪ್ರವಚನ, ಕಾರಿನ ಪ್ರಯಾಣ ಇವು ನಿಮ್ಮ ಮುಖ್ಯ ಕಷ್ಟವಾಗಿದ್ದರೆ, ಮಷೀನಿನ ದರ್ಜೆ ಏರಿಸುವ ಬದಲು ಇದಕ್ಕೆ ದುಡ್ಡು ಹಾಕುವುದೇ ಲೇಸು. ಮಾತಾಡುವವರ ಬಾಯಿಯಿಂದ 15–20 ಸೆಂಟಿಮೀಟರ್ ಕೆಳಗೆ ಅಂಗಿಗೆ ಸಿಕ್ಕಿಸಿದ ಮೈಕ್ ನೇರ ನಿಮ್ಮ ಮಷೀನಿಗೆ ಮಾತು ಕಳಿಸುತ್ತದೆ. 2 ಮೀಟರ್ ದೂರ 20 ಸೆಂಟಿಮೀಟರ್ ಆದಂತೆ, ಲೆಕ್ಕದಲ್ಲಿ 20 ಡೆಸಿಬಲ್. ಸೆರಗು, ಸರ, ದುಪಟ್ಟಾ ಮೈಕಿಗೆ ಉಜ್ಜದಂತೆ ನೋಡಿಕೊಳ್ಳಬೇಕು, ಆ ಸದ್ದು ಸೀದಾ ಕಿವಿಗೆ ಬರುತ್ತದೆ. ಒಂದೇ ಕಂಪನಿಯದ್ದಾದರೂ ಎಲ್ಲ ಮಾದರಿಗಳಿಗೂ ಹೊಂದುವುದಿಲ್ಲ, ಜೋಡಿಸಿ ತೋರಿಸಿದ ಮೇಲೆ ಕೊಳ್ಳಿ.

ಗದ್ದಲದಲ್ಲಿ ಎಷ್ಟು ಅರ್ಥ ಆಗುತ್ತೆ ಅಂತ ಅಳೆಯೋ ಪರೀಕ್ಷೆ ಇದೆಯಾ?

ಇದೆ. ಮಾಮೂಲಿ ಆಡಿಯೋಗ್ರಾಮ್ ‘ಪೀಂ’ ಸದ್ದು ಎಷ್ಟು ಮೆಲ್ಲಗೆ ಕೇಳುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಒಂದೇ ಥರದ ಆಡಿಯೋಗ್ರಾಮ್ ಇರುವ ಇಬ್ಬರ ನಡುವೆ ಗದ್ದಲದಲ್ಲಿ ಅಜಗಜಾಂತರ ಇರಬಹುದು. ಗದ್ದಲವನ್ನು ಹಂತಹಂತವಾಗಿ ಏರಿಸುತ್ತಾ ವಾಕ್ಯಗಳನ್ನು ಮರಳಿ ಹೇಳಿಸುವ ಪರೀಕ್ಷೆಗಳಿವೆ, ಕ್ವಿಕ್‌ಸಿನ್ ಅಂಥದ್ದೊಂದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ವಾಕ್ಯಗಳಲ್ಲೂ ಇದನ್ನು ರೂಪಿಸಲಾಗಿದೆ. ಕನ್ನಡದವರನ್ನು ಇಂಗ್ಲಿಷ್ ವಾಕ್ಯದಲ್ಲಿ ಪರೀಕ್ಷಿಸಿದರೆ ಕಿವಿಯ ಬದಲು ಇಂಗ್ಲಿಷನ್ನು ಅಳೆದಂತಾಗುತ್ತದೆ. ಮಷೀನು ಹಾಕದೆ ಒಮ್ಮೆ, ಹಾಕಿಕೊಂಡು ಒಮ್ಮೆ ಮಾಡಿಸಿ, ಎರಡು ಅಂಕಗಳನ್ನೂ ಬರೆಸಿಕೊಳ್ಳಿ.

ಕಛೇರಿ ಕೇಳೋಕೆ ಕೂತರೆ ತಂಬೂರಿ ಇದ್ದಕ್ಕಿದ್ದಂತೆ ಕುಗ್ಗುತ್ತೆ, ಕೊಳಲು ನಡುಗಿದ ಹಾಗೆ ಕೇಳುತ್ತೆ.

ಮಷೀನು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದೆ, ಅದೇ ತೊಂದರೆ. ತಂಬೂರಿ, ಶ್ರುತಿಪೆಟ್ಟಿಗೆಯ ನಾದ ಏರಿಳಿಯದೆ ಒಂದೇ ಸಮ ಹರಿಯುವುದರಿಂದ ಅದನ್ನು ಫ್ಯಾನಿನ ಸಾಲಿಗೆ ಸೇರಿಸಿ ಇಳಿಸುತ್ತದೆ. ಕೊಳಲಿನ ದೀರ್ಘ ಸ್ವರವನ್ನು ಮಷೀನಿನದೇ ‘ಕುಂಯ್’ ಎಂದು ತಪ್ಪು ತಿಳಿದು ಅಳಿಸಲು ಹೋಗುತ್ತದೆ, ಆಗಲೇ ಆ ನಡುಕ. ಬೇರೆಯೇ ಒಂದು ಮ್ಯೂಸಿಕ್ ಪ್ರೋಗ್ರಾಮ್ ಹಾಕಿಸಿಕೊಳ್ಳಿ: ನಾಯ್ಸ್ ರಿಡಕ್ಷನ್ ಆಫ್, ಮೈಕ್ ಸುತ್ತಲೂ ತೆರೆದಿರಲಿ, ಕುಂಯ್ ತಡೆಯುವ ಸೌಲಭ್ಯ ಆಫ್ ಅಥವಾ ಅತಿ ನಿಧಾನ. ಮೃದಂಗದ ಪೆಟ್ಟಿಗೆ ಸದ್ದು ಒಡೆದಂತೆ ಕೇಳಿದರೆ ಮುಂದಿನ ಸಾಲು ಬಿಟ್ಟು ಹಿಂದೆ ಕೂರುವುದು ಸುಲಭದ ಪರಿಹಾರ, ಮೈಕಿಗೆ ಬರುವ ಸದ್ದೇ ಕಡಿಮೆಯಾಗುತ್ತದೆ. ಕಛೇರಿ ಮುಗಿದ ಮೇಲೆ ಮಾಮೂಲಿ ಪ್ರೋಗ್ರಾಮ್‌ಗೆ ಮರಳಲು ಮರೆಯಬೇಡಿ, ಇಲ್ಲವಾದರೆ ಮನೆಗೆ ಹೋಗುವ ಬಸ್ಸಿನ ಎಂಜಿನ್ನೂ ಅಷ್ಟೇ ತೆರೆದುಕೊಂಡು ಕೇಳುತ್ತದೆ.